ಖಾತ್ರಿ ಓಟಿಗೆ ಕ್ರಯವಿಲ್ಲ



ಸುಳ್ಯದಿಂದ ಎಸ್. ಅಂಗಾರರು 1994ರಿಂದ 2018ರ ತನಕ ಸತತ ಆರು ಚುನಾವಣೆ ಗೆದ್ದರು. ಮೀಸಲು ಕ್ಷೇತ್ರ, ಒಂದೇ ಪಕ್ಷ, ಒಂದೇ ಹೆಸರು. ಸರಳ ಮನುಷ್ಯ ಎಂಬ ಮಾತಿಗೆ ನಮ್ಮ ತಕರಾರಿಲ್ಲ. ಆದರೆ ಲೆಕ್ಕ ನೋಡಿ. ಅವರ ಪಕ್ಷ 2008ರಲ್ಲಿ ಸರಕಾರ ರಚಿಸಿ ಐದು ವರ್ಷದಲ್ಲಿ ಮೂವರು ಮುಖ್ಯಮಂತ್ರಿಗಳನ್ನು ಕಂಡಿತು. ಅವರಲ್ಲಿ ಡಿ.ವಿ. ಸದಾನಂದ ಗೌಡರು ಸುಳ್ಯದ ಮಂಡೆಕೋಲಿನವರೇ. ಆದರೂ ಅಂಗಾರರು ಮಂತ್ರಿಯಾದದ್ದು 2021ರ ಜನವರಿಯಲ್ಲಿ. ಸಿಕ್ಕಿದ್ದು ಮೀನುಗಾರಿಕೆ, ಬಂದರು ಖಾತೆ. ಸುಳ್ಯ, ಕಡಬದಲ್ಲಿ ಕಡಲೆಲ್ಲಿದೆ? 2023ರಲ್ಲಿ ಟಿಕೆಟೇ ಸಿಗಲಿಲ್ಲ. ಪಕ್ಷ ಭಾಗೀರಥಿ ಮುರುಳ್ಯರನ್ನು ನಿಲ್ಲಿಸಿತು, ಅವರೂ ಗೆದ್ದರು.

ಇದು ಅಂಗಾರರೊಬ್ಬರ ಕಥೆಯಲ್ಲ, ನಮ್ಮ ಓಟಿನ ಕಥೆ. ಇವ ಏನಾದರೂ ಅಡಿಕೆ ತಂದು ಇಲ್ಲೇ ಸುರಿಯುತ್ತಾನೆ ಅಂತ ಗೊತ್ತಿದ್ದರೆ ಅಂಗಡಿಯವ ಕ್ರಯ ಏರಿಸ್ತಾನಾ? ಅಡಿಕೆಗೆ ಇನ್ನೊಬ್ಬ ಖರೀದಿದಾರ ಬೇಕೆಂದೇ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ಅಡಿಕೆಯಲ್ಲಿ ಬಂದ ಬುದ್ಧಿ ಓಟಿನಲ್ಲಿ ಯಾಕೆ ಬರಲಿಲ್ಲ?

ಪಕ್ಕದ ಪುತ್ತೂರಲ್ಲಿ 2013, 2018, 2023, ಮೂರು ಸಲವೂ ಗೆದ್ದ ಪಕ್ಷ ಬದಲಾಯಿತು. ಅಲ್ಲಿ ಯಾರಿಗೂ ಸೀಟು ಖಾತ್ರಿ ಇಲ್ಲ. ಹಾಗಂತ ಪಕ್ಷ ಬದಲಿಸಿದ ಕೂಡಲೇ ಸಾಲ ತೀರುವುದಿಲ್ಲ. ಗೆದ್ದವರ ಹತ್ತಿರ ಲೆಕ್ಕ ಕೇಳುವವರು ಬೇಕು.

ಅಡಿಕೆಯ ಆಮದು ಬೆಲೆ ದಿಲ್ಲಿಯ ಕೈಯಲ್ಲಿದೆ. 2023ರ ಫೆಬ್ರವರಿಯಲ್ಲಿ ಅದನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ದು ಕೇಂದ್ರ. ಅದು ಶಾಸಕರಿಂದ ಆಗುವ ಕೆಲಸವಲ್ಲ, ಒಪ್ಪೋಣ. ಆದರೆ ಹಳದಿ ಎಲೆ ರೋಗ? ಸಂಪಾಜೆ, ಅರಂತೋಡು, ಮರ್ಕಂಜದ ಕಡೆ ತೋಟಗಳೇ ಹೋದವು. ತೋಟ ಹೋದರೂ ಸೊಸೈಟಿಯ ಸಾಲ ಹೋಗುವುದಿಲ್ಲ. 2021ರ ರಾಜ್ಯ ಬಜೆಟ್ಟಿನಲ್ಲಿ ಈ ರೋಗದ ಸಂಶೋಧನೆಗೆ, ಪರ್ಯಾಯ ಬೆಳೆಗೆ 25 ಕೋಟಿ ಎಂದು ಘೋಷಿಸಿದರು. ಅದರಲ್ಲಿ ನಿಮ್ಮ ಗ್ರಾಮಕ್ಕೆ ಬಂದದ್ದೆಷ್ಟು? ಯಾರಾದರೂ ಕೇಳಿದಿರಾ?

ಪ್ರತಿ ಅಧಿವೇಶನಕ್ಕೆ ಮೊದಲು ಗ್ರಾಮದ ಹತ್ತು ಜನ ಸೇರಿ, ಮೂರೇ ಮೂರು ಪ್ರಶ್ನೆ ಬರೆದು ಸಹಿ ಹಾಕಿ ಶಾಸಕರ ಕೈಗೆ ಕೊಡಿ. ಸದನದಲ್ಲಿ ಕೇಳಿದರೋ ಇಲ್ಲವೋ, ಬರೆದಿಡಿ. ಮುಂದಿನ ಸಲ ಯಾವ ಪಕ್ಷದವರು ಓಟು ಕೇಳಲು ಬಂದರೂ ಆ ಪುಸ್ತಕವನ್ನು ಮುಂದಿಡಿ.