ಕಡಲಲ್ಲಿ ಹುಟ್ಟು, ದಡದಲ್ಲಿ ಸೈಕಲ್

ಬೊಮ್ಮಸಂದ್ರದಿಂದ ಪೀಣ್ಯಕ್ಕೆ ಸುಮಾರು 35 ಕಿ.ಮೀ. ಬಸ್ಸಿನಲ್ಲಿ ನಿಂತು ಹೋದರೂ ಸುಸ್ತಾಗುವ ದೂರ. ದಿನಕ್ಕೆ ಸರಾಸರಿ ಅಷ್ಟು ದೂರ ಸಮುದ್ರದಲ್ಲಿ ಹುಟ್ಟು ಹಾಕುತ್ತಾ 84 ದಿನ ಸಾಗಿದವರು ಮುಂಬಯಿಯ ಕೌಸ್ತುಭ್ ಖಾಡೆ. 2015-16ರ ಚಳಿಗಾಲದಲ್ಲಿ, ಒಬ್ಬರೇ ಕೂರುವ ಕಯಾಕ್ ದೋಣಿಯಲ್ಲಿ, ದ್ವಾರಕೆಯಿಂದ ಕನ್ಯಾಕುಮಾರಿಗೆ ಸುಮಾರು 3000 ಕಿ.ಮೀ. ಜೊತೆಗಾತಿ ಶಾಂಜಲಿ ಶಾಹಿ ದಡದುದ್ದಕ್ಕೂ ಸೈಕಲ್ ತುಳಿದರು.

ಖಾಡೆ ದೆಹಲಿ ಐಐಟಿಯಲ್ಲಿ ಓದಿದವರು. ಅಷ್ಟು ಓದಿ ಹುಟ್ಟು ಹಿಡಿಯುವುದೇ ಎಂದು ಹೆತ್ತವರು ಕೇಳಿಯಾರು. ಆದರೆ ಕಡಲಿಗಿಳಿದರೆ ಪಾಠ ತಪ್ಪುವುದಿಲ್ಲ. ಬಿಸಿಲೇರಿದಂತೆ ನೆಲ ನೀರಿಗಿಂತ ಬೇಗ ಕಾಯುತ್ತದೆ, ಮಧ್ಯಾಹ್ನ ಕಡಲಗಾಳಿ ಬೀಸುತ್ತದೆ, ಅಲೆ ಏಳುತ್ತದೆ. ಶಾಲೆಯಲ್ಲಿ ಎರಡು ಅಂಕಕ್ಕೆ ಬರೆಯುವ ಈ ಉತ್ತರವೇ ಸಣ್ಣ ದೋಣಿಯವರನ್ನು ನಸುಕಿನಲ್ಲೇ ಎಬ್ಬಿಸುವುದು. ಮುಂಗಾರಿನಲ್ಲಂತೂ ಅರಬ್ಬಿ ಸಮುದ್ರಕ್ಕೆ ಕಯಾಕ್ ಇಳಿಸುವ ಮಾತೇ ಇಲ್ಲ.

ಈ ಹಾದಿಯಲ್ಲಿ ಕರ್ನಾಟಕದ ಪಾಲು 300 ಕಿ.ಮೀ.ಗೂ ಹೆಚ್ಚು. ಮುರ್ಡೇಶ್ವರದಾಚೆ ನೇತ್ರಾಣಿ ದ್ವೀಪ. ಮಲ್ಪೆಯೆದುರು ಸೇಂಟ್ ಮೇರಿಸ್ ದ್ವೀಪಗಳು. ಅಲ್ಲಿನ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷ ಹಳೆಯವು, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದವು.

ದಡದ ದಾರಿ ಸುಲಭವೆಂದುಕೊಳ್ಳಬೇಡಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಕಡಲು ಸೇರುವಲ್ಲೆಲ್ಲ ದಡ ತುಂಡಾಗುತ್ತದೆ. ದೋಣಿ ಅಳಿವೆಯ ಮುಂದೆ ನೇರ ದಾಟುತ್ತದೆ. ಸೈಕಲ್ಲಿಗೆ ಸೇತುವೆ ಬೇಕು, ಇಲ್ಲವೇ ಬಾರ್ಜು. ಯಾವ ದಾರಿ ಉದ್ದವೆಂದು ಭೂಪಟದ ಮೇಲೆ ದಾರವಿಟ್ಟು ಅಳೆದು ನೋಡಬಹುದು.