ಡಿಜೆಯ ಅಬ್ಬರ ಮತ್ತು ನೆರೆಯವರ ಹಕ್ಕು

ಪ್ರವಾದಿ(ಸ) ರಾತ್ರಿಯ ವೇಳೆ ಬಂದಾಗ ಎಚ್ಚರವಿದ್ದವರಿಗೆ ಕೇಳಿಸುವಷ್ಟು, ಮಲಗಿದವರ ನಿದ್ದೆ ಕೆಡದಷ್ಟು ಮೆಲುದನಿಯಲ್ಲಿ ಸಲಾಮ್ ಹೇಳುತ್ತಿದ್ದರೆಂದು ಮಿಕ್ದಾದ್(ರ) ವರದಿ ಮಾಡಿದ್ದಾರೆ. ಸಹೀಹ್ ಮುಸ್ಲಿಮ್‌ನಲ್ಲಿರುವ ಹದೀಸ್ ಇದು. ಸಲಾಮ್ ಎಂದರೆ ಶಾಂತಿಯ ಪ್ರಾರ್ಥನೆ. ಅದನ್ನು ಸಹ ನಿದ್ರಿಸುವವರ ಹಕ್ಕನ್ನು ಗಮನಿಸಿ ಉಚ್ಚರಿಸಿದ ಪ್ರವಾದಿಯ ಅನುಯಾಯಿಗಳು ನಾವು. ಹಾಗಾದರೆ ನಮ್ಮ ಮದುವೆಯ ಮೆರವಣಿಗೆಗಳಲ್ಲಿ ಡಿಜೆಗೆ ಏನು ಕೆಲಸ?

ಶಬ್ದಮಾಲಿನ್ಯವು ದೊಡ್ಡ ನಗರಗಳ ಸಮಸ್ಯೆಯೆಂದು ಭಾವಿಸಿದ್ದ ಕಾಲವೊಂದಿತ್ತು. ಹುಬ್ಬಳ್ಳಿಗೆ ಸಮೀಪದ ತಡಸ, ಅದರಾಚೆಯ ಶಿಗ್ಗಾಂವಿ, ಸವಣೂರು, ಹಾನಗಲ್ಲ, ಎಲ್ಲೆಡೆಗೂ ಈಗ ನಗರದ ಗದ್ದಲ ತಲುಪಿದೆ. ವಾಹನದ ಮೇಲೆ ಪೇರಿಸಿದ ಧ್ವನಿಪೆಟ್ಟಿಗೆಗಳು ಇಕ್ಕಟ್ಟಾದ ಓಣಿಗೆ ಬಂದಾಗ ಸದ್ದು ಎರಡೂ ಬದಿಯ ಗೋಡೆಗಳಿಗೆ ಬಡಿದು ಇಮ್ಮಡಿಯಾಗುತ್ತದೆ. ಗೋಡೆಯ ಆಚೆಗೆ ಬಾಣಂತಿ ಇರಬಹುದು, ಹೃದ್ರೋಗಿ ಇರಬಹುದು, ಮರುದಿನ ಪರೀಕ್ಷೆ ಬರೆಯಬೇಕಾದ ಮಗು ಇರಬಹುದು.

2000ರ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್‌ಗಳ ಮಿತಿ ಹಾಕಿವೆ. ಪ್ರತಿ 10 ಡೆಸಿಬೆಲ್‌ಗೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ ಎಂಬುದನ್ನು ನೆನಪಿಡಬೇಕು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನಿದ್ದೆಯಲ್ಲಿದ್ದವನು ಎಚ್ಚರಗೊಳ್ಳದಿದ್ದರೂ ಅವನ ದೇಹ ಸದ್ದನ್ನು ಗ್ರಹಿಸುತ್ತದೆ. ಎದೆಬಡಿತ ಮತ್ತು ರಕ್ತದೊತ್ತಡ ಏರುತ್ತವೆ. ಮನರಂಜನೆಯ ಸ್ಥಳಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಸರಾಸರಿ 100 ಡೆಸಿಬೆಲ್‌ನ ಗರಿಷ್ಠ ಮಿತಿಯನ್ನು ಸೂಚಿಸಿತು. ಅಲ್ಲಿಗಾದರೋ ಜನರು ತಾವಾಗಿ ಇಷ್ಟಪಟ್ಟು ಹೋಗುತ್ತಾರೆ. ಓಣಿಯ ಅಜ್ಜಿಯನ್ನು ಯಾರು ಕೇಳಿದರು?

ಸಂತೋಷಕ್ಕೆ ಇಸ್ಲಾಮ್ ಅಡ್ಡಿಯಲ್ಲ. ನಿಕಾಹ್ ಬಹಿರಂಗವಾಗಿರಲಿ ಎಂದು ಮದುವೆಯಲ್ಲಿ ದಫ್ ಬಾರಿಸಲು ಅನುಮತಿಯಿದೆ. ಆದರೆ ದಫ್‌ನ ಹೆಸರು ಹೇಳಿ ಡಿಜೆಯನ್ನು ಸಮರ್ಥಿಸುವವರು ದಫ್ಅನ್ನು ಎಂದಾದರೂ ಕೇಳಿದ್ದಾರೆಯೇ ಎಂಬ ಸಂಶಯ ನಮಗಿದೆ.

"ಅವರ ಹಬ್ಬಗಳಲ್ಲಿ ಹಾಕುವುದಿಲ್ಲವೇ?" ಎಂಬ ವಾದವೂ ಇದೆ. ಅವರು ಹಾಕುವ ಸದ್ದಿನಿಂದ ನಮ್ಮ ಮನೆಯ ರೋಗಿಗೆ ತೊಂದರೆಯಾಗುತ್ತದೆ ಎಂದಾದರೆ, ನಮ್ಮ ಸದ್ದಿನಿಂದ ಅವರ ಮನೆಯ ರೋಗಿಗೂ ತೊಂದರೆಯಾಗುತ್ತದೆ. ತನ್ನ ಕಿರುಕುಳದಿಂದ ನೆರೆಯವನು ಸುರಕ್ಷಿತನಲ್ಲದಿದ್ದರೆ ಅಂಥವನು ವಿಶ್ವಾಸಿಯಲ್ಲ ಎಂದು ಪ್ರವಾದಿ(ಸ) ಎಚ್ಚರಿಸಿದಾಗ ನೆರೆಯವನ ಧರ್ಮವನ್ನು ವಿಚಾರಿಸಲಿಲ್ಲ.

ಕೆಲವೇ ನಿಮಿಷಗಳ ಅಝಾನ್‌ನ ಪರವಾಗಿ ನಾವು ಅಧಿಕಾರಿಗಳ ಮುಂದೆ ನಿಲ್ಲುತ್ತೇವೆ, ನಿಲ್ಲಲೇಬೇಕು. ಆದರೆ ಗಂಟೆಗಟ್ಟಲೆ ಬಯಾನ್‌ಗಳನ್ನು ಹೊರಗಿನ ಧ್ವನಿವರ್ಧಕಗಳಲ್ಲಿ ಬಿತ್ತರಿಸಿ, ಮದುವೆಯ ದಿನ ಡಿಜೆಯನ್ನೂ ತಂದರೆ ನಮ್ಮ ಮಾತಿಗೆ ಎಲ್ಲಿಯ ತೂಕ? 2021ರ ಮಾರ್ಚ್‌ನಲ್ಲಿ ರಾಜ್ಯ ವಕ್ಫ್ ಮಂಡಳಿಯು ಹೊರಗಿನ ಧ್ವನಿವರ್ಧಕವು ಅಝಾನ್ ಹಾಗೂ ಅಗತ್ಯ ಪ್ರಕಟಣೆಗಳಿಗಷ್ಟೇ ಇರಲಿ, ಖುತ್ಬಾ ಮತ್ತು ಬಯಾನ್‌ಗಳು ಮಸೀದಿಯ ಒಳಗೆ ಕೇಳಿಸಿದರೆ ಸಾಕು ಎಂದು ಸುತ್ತೋಲೆ ಹೊರಡಿಸಿತ್ತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ನಿರ್ಬಂಧದಿಂದಾಗಿ ಅದು ವಿವಾದಕ್ಕೆ ಸಿಲುಕಿತು. ಆ ಗದ್ದಲದಲ್ಲಿ ಖುತ್ಬಾ, ಬಯಾನ್‌ಗಳ ಕುರಿತಾದ ಸಲಹೆಯನ್ನು ನಾವು ಮರೆತೆವು. ಇಅ್‌ತಿಕಾಫ್‌ನಲ್ಲಿದ್ದ ಪ್ರವಾದಿ(ಸ), ಮಸೀದಿಯಲ್ಲಿ ಏರುದನಿಯಲ್ಲಿ ಕುರ್‌ಆನ್ ಓದುತ್ತಿದ್ದವರಿಗೆ ಪರದೆ ಸರಿಸಿ, ಒಬ್ಬರು ಇನ್ನೊಬ್ಬರಿಗೆ ತೊಂದರೆ ಕೊಡಬೇಡಿರೆಂದಿದ್ದರು. ಕುರ್‌ಆನ್ ಪಾರಾಯಣಕ್ಕೇ ಈ ನಿಯಮ!

ಜಮಾಅತ್‌ಗಳು ಮನಸ್ಸು ಮಾಡಿದರೆ ಇದಕ್ಕೆ ಪೊಲೀಸರು ಬೇಕಿಲ್ಲ. ನಿಕಾಹ್‌ನ ದಿನಾಂಕ ಗೊತ್ತುಪಡಿಸಲು ಹೆತ್ತವರು ಬಂದಾಗಲೇ ಡಿಜೆ ತರುವುದಿಲ್ಲವೆಂದು ಬರೆಸಿಕೊಳ್ಳಲಿ. ಬಡವರಿಗೂ ಶ್ರೀಮಂತರಿಗೂ, ಮುತವಲ್ಲಿಯ ಮಗನಿಗೂ ಒಂದೇ ಷರತ್ತಿರಲಿ. ವರನ ಗೆಳೆಯರು ಮುನಿಸಿಕೊಂಡಾರು, ವಲೀಮಾದ ಊಟದ ಹೊತ್ತಿಗೆ ಸರಿಹೋಗುತ್ತಾರೆ.