ಕ್ಯಾಮೆರಾದ ಸಾಲ ಯಾರ ತಲೆಗೆ?

ಪತ್ರಿಕೋದ್ಯಮ ಓದಿ ಊರಿಗೆ ಮರಳಿದವರಿಗೆ ಈಗ ಹೊಸದೊಂದು ಅರ್ಹತೆ ಬೇಕಂತೆ: ಸ್ವಂತದ್ದೊಂದು ದೊಡ್ಡ ಕ್ಯಾಮೆರಾ, ಅದೂ ಫುಲ್‌ಫ್ರೇಮ್ ಮಿರರ್‌ಲೆಸ್. ಸಾಗರ, ಹೊಸನಗರ, ತೀರ್ಥಹಳ್ಳಿಯ ಸುದ್ದಿ ಜಿಲ್ಲಾ ಪುಟ ದಾಟದಿರುವುದಕ್ಕೆ ನಮ್ಮ ಚಿತ್ರಗಳ ಗುಣಮಟ್ಟವೇ ಕಾರಣ ಎನ್ನುವವರೂ ಇದ್ದಾರೆ. ಈ ಮಾತು ನಂಬಿ ಸಾಲಕ್ಕೆ ಕೈಹಾಕುವ ಮುನ್ನ, ಆ ಯಂತ್ರವನ್ನು ನಮ್ಮ ಮೂರು ತಾಲ್ಲೂಕುಗಳ ಮಳೆ, ಕತ್ತಲೆ, ನೆಟ್‌ವರ್ಕ್‌ಗಳ ನಡುವೆ ನಿಲ್ಲಿಸಿ ನೋಡೋಣ.

ಸೋನಿ ಆಲ್ಫಾ 7ಆರ್ ಫೈವ್ ಅನ್ನೇ ತೆಗೆದುಕೊಳ್ಳಿ. 2022ರಲ್ಲಿ ಬಂದದ್ದು, 61 ಮೆಗಾಪಿಕ್ಸೆಲ್. ಅದು ಒಳ್ಳೆಯ ಕ್ಯಾಮೆರಾ, ಅದರಲ್ಲಿ ತಕರಾರಿಲ್ಲ. ಸೆನ್ಸರ್ 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ. ಎಪಿಎಸ್-ಸಿ ಎಂಬ ಸಣ್ಣ ಸೆನ್ಸರಿಗಿಂತ ಇದರ ವಿಸ್ತೀರ್ಣ ಎರಡು ಪಟ್ಟಿಗೂ ಹೆಚ್ಚು. ಅಷ್ಟು ಬೆಳಕು ಹೆಚ್ಚು ಸಿಗುತ್ತದೆ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯ ತೆಪ್ಪೋತ್ಸವದಲ್ಲಿ, ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯ ರಾತ್ರಿಗಳಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಹೆಗ್ಗೋಡಿನ ನೀನಾಸಂ ರಂಗಮಂದಿರದಂಥ ಕಡೆ ಸದ್ದಿಲ್ಲದ ಶಟರ್ ದೊಡ್ಡ ಅನುಕೂಲ. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಬೆಳ್ಳಕ್ಕಿಗಳನ್ನು ದಡದಿಂದ ತೆಗೆದರೆ, ಚಿತ್ರದ ಮುಕ್ಕಾಲು ಭಾಗ ಕತ್ತರಿಸಿ ಬಿಸಾಡಿದರೂ 15 ಮೆಗಾಪಿಕ್ಸೆಲ್ ಉಳಿಯುತ್ತದೆ.

ಇನ್ನು ಇನ್ನೊಂದು ಮಗ್ಗುಲು. ಸದ್ದಿಲ್ಲದ ಆ ಶಟರ್ ಚಿತ್ರವನ್ನು ಒಂದೇ ಏಟಿಗೆ ಹಿಡಿಯುವುದಿಲ್ಲ, ಮೇಲಿನಿಂದ ಕೆಳಗೆ ಸಾಲುಸಾಲಾಗಿ ಓದುತ್ತದೆ. ಈ ಮಾದರಿಯಲ್ಲಿ ಆ ಓದು ನಿಧಾನ. ಬಡಗುತಿಟ್ಟಿನ ಕಲಾವಿದ ಮಂಡಿ ಹಾಕಿ ಗಿರಕಿ ಹೊಡೆಯುವಾಗ ಕೈಕಾಲು ವಕ್ರವಾಗಿ ಬರುತ್ತವೆ. ಎಲ್‌ಇಡಿ ದೀಪಗಳಿದ್ದರೆ ಚಿತ್ರದ ಮೇಲೆ ಪಟ್ಟೆಗಳೂ ಬೀಳಬಹುದು. ಬೇಗ ಓದುವ ಸೆನ್ಸರ್ ಬೇಕೆಂದರೆ ನಿಕಾನ್ ಝಡ್9, ಸೋನಿ ಆಲ್ಫಾ 1ರಂಥ ಇನ್ನೂ ದುಬಾರಿ ಮೆಟ್ಟಿಲು ಹತ್ತಬೇಕು.

ಬ್ಯಾಟರಿ ನೋಡಿ. ಕನ್ನಡಿ ಇಲ್ಲದ ಕ್ಯಾಮೆರಾದಲ್ಲಿ ನಾವು ಇಣುಕುವ ಕಿಂಡಿಯೂ ಒಂದು ಪರದೆಯೇ, ಸುಮ್ಮನೆ ನೋಡುತ್ತಿದ್ದರೂ ಕರೆಂಟು ಬೇಕು. ಆ ಕಿಂಡಿಯಲ್ಲಿ ನೋಡಿ ತೆಗೆದರೆ ಒಂದು ಚಾರ್ಜಿಗೆ ಸುಮಾರು 440 ಚಿತ್ರ ಎನ್ನುತ್ತದೆ ಕಂಪನಿಯ ಲೆಕ್ಕ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಎರಡು ದಿನ ಕರೆಂಟಿಲ್ಲದ ಊರಿನಲ್ಲಿ ಈ ಲೆಕ್ಕಕ್ಕೆ ಬೇರೆಯೇ ಅರ್ಥ.

ಮಳೆಯ ವಿಷಯ ಕೇಳಲೇಬೇಡಿ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ, ಹೊಸನಗರ ತಾಲ್ಲೂಕಿನ ಹುಲಿಕಲ್ ಅದಕ್ಕೆ ಪೈಪೋಟಿ ಕೊಡುತ್ತದೆ. ತೇವ ತಡೆಯುವ ವಿನ್ಯಾಸ ಎಂದು ಜಾಹೀರಾತಿನಲ್ಲಿರುತ್ತದೆ, ನೀರು ಒಳಗೆ ಹೋಗುವುದೇ ಇಲ್ಲ ಎಂಬ ಖಾತ್ರಿ ಇರುವುದಿಲ್ಲ. ಹೋಗಲಿ, ಮಳೆಗೇ ಒಡ್ಡಲಿಲ್ಲ ಅನ್ನಿ. ಆಷಾಢ, ಶ್ರಾವಣದಲ್ಲಿ ಮನೆಯೊಳಗಿಟ್ಟ ಚಪ್ಪಲಿಗೇ ಬೂಷ್ಟು ಬರುವ ಸೀಮೆ ಇದು. ಅಡಿಕೆ, ಮೆಣಸನ್ನು ಅಟ್ಟದಲ್ಲಿ ಬೆಚ್ಚಗಿಡಬಹುದು, ಲೆನ್ಸನ್ನು ಹೊಗೆಯಲ್ಲಿಡಲಾಗದು. ಸಿಲಿಕಾ ಜೆಲ್ ಹಾಕಿ ಗಾಳಿಯಾಡದ ಡಬ್ಬದಲ್ಲಿಟ್ಟು ತಿಂಗಳಿಗೊಮ್ಮೆ ನೋಡುತ್ತಿರಬೇಕು. ಇಲ್ಲದಿದ್ದರೆ ಗಾಜಿನೊಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬುತ್ತದೆ.

ಈಗ ಮುಖ್ಯ ಪ್ರಶ್ನೆ: ಇಷ್ಟೆಲ್ಲ ಪಟ್ಟು ತೆಗೆದ ಚಿತ್ರ ಹೋಗುವುದೆಲ್ಲಿಗೆ? ಪತ್ರಿಕೆಯಲ್ಲಿ ಎರಡು ಕಾಲಂ ಎಂದರೆ ಸುಮಾರು ಎಂಟು ಸೆಂಟಿಮೀಟರ್ ಅಗಲ. ಇಂಚಿಗೆ 200 ಚುಕ್ಕೆಯಂತೆ ಲೆಕ್ಕ ಹಾಕಿದರೆ ಅಡ್ಡಕ್ಕೆ 630 ಪಿಕ್ಸೆಲ್, ಆರು ಸೆಂಟಿಮೀಟರ್ ಎತ್ತರಕ್ಕೆ 470. ಒಟ್ಟು ಮೂರು ಲಕ್ಷ. ಕ್ಯಾಮೆರಾ ಹಿಡಿದದ್ದು ಆರು ಕೋಟಿ ಹತ್ತು ಲಕ್ಷ. ಇನ್ನೂರರಲ್ಲಿ ಒಂದು ಪಾಲು ಅಚ್ಚಾಗುತ್ತದೆ. ಕುಗ್ಗಿಸದ ಒಂದು ರಾ ಫೈಲು ಸುಮಾರು 120 ಎಂಬಿ. ಒಂದು ಗೆರೆ ಸಿಗ್ನಲ್ಲಿಗಾಗಿ ಗುಡ್ಡ ಹತ್ತುವ ಊರುಗಳಿಂದ ಅದನ್ನು ಕಳಿಸುವುದು ಹೇಗೆ? ಜೆಪೆಗ್ ಮಾಡಿ, ಚಿಕ್ಕದು ಮಾಡಿ ಕಳಿಸಿ ಅನ್ನುತ್ತಾರೆ. ಚಿಕ್ಕದು ಮಾಡಿಯೇ ಕಳಿಸುವುದಾದರೆ ಅಷ್ಟು ದೊಡ್ಡದು ಕೊಳ್ಳಬೇಕಾದದ್ದೇಕೆ?

ದುಡ್ಡಿನ ಲೆಕ್ಕವನ್ನೂ ಹಾಕಿಬಿಡೋಣ. ಬಾಡಿ ಒಂದಕ್ಕೇ ಮೂರು ಲಕ್ಷ ದಾಟುತ್ತದೆ. ಅದಕ್ಕೊಪ್ಪುವ ಒಳ್ಳೆಯ ಝೂಮ್ ಲೆನ್ಸಿಗೆ ಎರಡು ಲಕ್ಷದ ಆಸುಪಾಸು. ಐದು ಲಕ್ಷಕ್ಕೆ ಬಡ್ಡಿಯೇ ಇಲ್ಲವೆಂದರೂ ಮೂರು ವರ್ಷ ತಿಂಗಳಿಗೆ ಸುಮಾರು 14 ಸಾವಿರ ಕಂತು. ಮದುವೆ ಸ್ಟುಡಿಯೋದವರಿಗೆ ಈ ಕ್ಯಾಮೆರಾ ದುಡಿಯುವ ಎತ್ತು, ಎರಡು ಸೀಸನ್ನಿನಲ್ಲಿ ಅಸಲು ಹುಟ್ಟೀತು. ಚಿತ್ರಕ್ಕೆ ಬಿಡಿಗಾಸು ಪಡೆಯುವ, ಕೆಲವೊಮ್ಮೆ ಅದೂ ಇಲ್ಲದ ತಾಲ್ಲೂಕು ಅರೆಕಾಲಿಕ ವರದಿಗಾರನಿಗೆ ಅದು ಹುಲ್ಲು ಕೇಳುವ ಎತ್ತು ಮಾತ್ರ.

ಅದಕ್ಕಿಂತ ದೊಡ್ಡ ಮೋಸ ಬೇರೆ ಇದೆ. ನಮ್ಮ ಸುದ್ದಿಗೆ ಜಾಗವಿಲ್ಲದಿರುವುದಕ್ಕೆ ಪಿಕ್ಸೆಲ್ಲು ಕಾರಣವಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿ ಮುಳುಗಡೆಯಿಂದ ಎದ್ದು ಬಂದ ಕುಟುಂಬಗಳು ಇವತ್ತಿಗೂ ಭೂಮಿಯ ಹಕ್ಕಿಗಾಗಿ ಕಚೇರಿ ಅಲೆಯುತ್ತಿವೆ. ಪಹಣಿಯಲ್ಲಿ ಇಲ್ಲದ ಹೆಸರನ್ನು ಯಾವ ಸೆನ್ಸರ್ ಹಿಡಿಯುತ್ತದೆ? 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತು. ಅಂಥ ಸುದ್ದಿಯಲ್ಲಿ ಕಾಡಿನಲ್ಲಿ ಸತ್ತು ಬಿದ್ದ ಮೊದಲ ಮಂಗನನ್ನು ಕಂಡವನ ಫೋನಿನ ಮಸುಕು ಚಿತ್ರವೇ, ವಾರ ಕಳೆದು ತೆಗೆದ 61 ಮೆಗಾಪಿಕ್ಸೆಲ್ಲಿಗಿಂತ ತೂಕದ್ದು. ಬೇಕಿರುವುದು ಆ ಊರಿಗೆ ಮತ್ತೆ ಮತ್ತೆ ಹೋಗಿಬರಲು ಪೆಟ್ರೋಲು, ಕಡತ ಓದಲು ಸಮಯ, ಬರೆದದ್ದಕ್ಕೆ ಸಂಬಳ.

ಒಳ್ಳೆಯ ಚಿತ್ರ ನಾಳಿನ ದಾಖಲೆ, ಅದಕ್ಕೆ ಒಳ್ಳೆಯ ಸಾಧನ ಬೇಡವೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಕು. ಆದರೆ ದಾಖಲೆ ಎಲ್ಲರದ್ದು, ಸಾಲ ಮಾತ್ರ ಒಬ್ಬನದ್ದು ಎಂಬ ನ್ಯಾಯ ನಮಗೆ ಒಪ್ಪಿಗೆಯಿಲ್ಲ. ದೊಡ್ಡ ಕ್ಯಾಮೆರಾ ಬೇಕೆನ್ನುವ ಸಂಸ್ಥೆ ತಾನೇ ಕೊಂಡು ತಾಲ್ಲೂಕು ಕೇಂದ್ರದಲ್ಲಿಡಲಿ, ಇಲ್ಲವೇ ಸ್ಟುಡಿಯೋದಿಂದ ತಂದ ದಿನದ ಬಾಡಿಗೆ ಕೊಡಲಿ. ಅಚ್ಚಾದ ಪ್ರತಿ ಚಿತ್ರಕ್ಕೂ ತೆಗೆದವರ ಹೆಸರು ಹಾಕಿ ದುಡ್ಡು ಕೊಡಲಿ.

ಈ ವರ್ಷ ಓದು ಮುಗಿಸಿ ಬರುವ ತಮ್ಮ ತಂಗಿಯರಿಗೆ ನಮ್ಮ ಮಾತಿಷ್ಟು: ಯಾರಾದರೂ ಬಳಸಿ ಬಿಟ್ಟ 24 ಮೆಗಾಪಿಕ್ಸೆಲ್ಲಿನ ಕ್ಯಾಮೆರಾ, ಜೊತೆಗೊಂದು 50 ಎಂಎಂ ಎಫ್ 1.8 ಲೆನ್ಸು, ಒಂದು ಹೆಚ್ಚುವರಿ ಬ್ಯಾಟರಿ. ದಿನದ ಕೆಲಸಕ್ಕೆ ಇಷ್ಟು ಸಾಕು. ಸ್ವಂತ ಕ್ಯಾಮೆರಾ ಇದೆಯೇ ಎಂದು ಕೇಳುವವರನ್ನು ತಿರುಗಿ ಕೇಳಿ: ಚಿತ್ರಕ್ಕೆ ಎಷ್ಟು ಕೊಡುತ್ತೀರಿ?